ಕಾಲಾಳು ತಿಂದ ಯಂತ್ರ

ಊರಿನ ಅರ್ಧಕ್ಕರ್ಧ ಮುದುಕರು ಅಗಿಯುತ್ತಿದ್ದುದು ಅವಳು ಕಟ್ಟಿಕೊಟ್ಟ ಹಲ್ಲಿನಿಂದ. ಹಾಗಾಗಿ ಅವಳಿಗೆ ಹಲ್ಲಕ್ಕ ಎಂಬ ಹೆಸರು ಬಿದ್ದು, ಹೆತ್ತವರು ಇಟ್ಟ ಹೆಸರು ಮೂಲೆ ಸೇರಿತ್ತು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮನೆಯ ಮಹಡಿಯ ಕೋಣೆಯಲ್ಲಿ ಕೂತು ಪ್ಲಾಸ್ಟರ್ ಹೊಯ್ದು, ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕಚ್ಚುತ್ತದೆಯೇ ಎಂದು ಕಟಕಟ ಬಡಿದು ನೋಡುವುದು ಅವಳ ಕಸುಬು. ಅರವತ್ತು ದಾಟಿದರೂ ಕೈ ನಡುಗುತ್ತಿರಲಿಲ್ಲ. ಕೈ ಮೇಣ ಕೆತ್ತುತ್ತಿದ್ದರೆ ತಲೆ ಚೆಸ್ ಆಡುತ್ತಿರುತ್ತಿತ್ತು. ಅದರಲ್ಲೂ ಒಂದು ಆಟವನ್ನು ಅದೆಷ್ಟು ಸಲ ಆಡಿದ್ದಳೋ ಅವಳಿಗೇ ಗೊತ್ತಿಲ್ಲ. ಮೊದಲ ನಡೆಯಿಂದ ಕೊನೆಯ ನಡೆಯವರೆಗೆ ಅದು ನಾಲಿಗೆಯ ತುದಿಯಲ್ಲಿತ್ತು.

ಆ ಆಟ ನಡೆದದ್ದು ಅವಳಿನ್ನೂ ಹೊಸ ಮದುವಣಗಿತ್ತಿಯಾಗಿದ್ದಾಗ. ಈಜುಕೊಳದ ಕಟ್ಟಡದ ಮೇಲಂತಸ್ತಿನಲ್ಲಿದ್ದ ಚೆಸ್ ಕ್ಲಬ್ಬಿಗೆ ಒಂದು ಕಂಪನಿಯವನು ಚೆಸ್ ಆಡುವ ಯಂತ್ರ ಹೊತ್ತು ತಂದಿದ್ದ. ಕಂಪನಿ ಅದುವರೆಗೆ ಮೂರು ಬಗೆಯ ಯಂತ್ರ ಮಾರಿತ್ತಂತೆ. ಇದು ನಾಲ್ಕನೇ ನಂಬರಿನದು, ಇನ್ನೂ ಮಾರಾಟಕ್ಕೆ ಬಂದಿಲ್ಲ, ಇದನ್ನು ಸೋಲಿಸುವ ಗಂಡಸು ಹುಟ್ಟಿಲ್ಲ ಎಂದು ಅವನು ಕೊಚ್ಚಿಕೊಂಡ. ಬೆಳಗ್ಗೆಯಿಂದ ಕ್ಲಬ್ಬಿನ ಗಂಡಸರೆಲ್ಲ ಒಬ್ಬರಾದ ಮೇಲೆ ಒಬ್ಬರು ಕೂತು, ಸೋತು, ಮುಖ ಹುಳ್ಳಗೆ ಮಾಡಿಕೊಂಡು ಎದ್ದರು. ಕೊನೆಗೆ ಉಳಿದವಳು ಹಲ್ಲಕ್ಕ. ಅವಳು ಆ ಯಂತ್ರವನ್ನು ಸೋಲಿಸಿಬಿಟ್ಟಳು.

ಜನ ಚಪ್ಪಾಳೆಗೆ ಕೈಯೆತ್ತುವಷ್ಟರಲ್ಲಿ ಕಂಪನಿಯವನು ಯಂತ್ರದ ಹಿಂಭಾಗ ತಡಕಾಡಿ, "ಅಯ್ಯೋ, ಒಳಗೆ ತಂತಿ ಸಡಿಲ ಆಗಿದೆ. ನೋಡಿ, ಎಂಥ ದಡ್ಡ ನಡೆ ಆಡಿದೆ! ಬುದ್ಧಿ ಸರಿಯಿದ್ದಿದ್ರೆ ಆ ಕಾಲಾಳನ್ನ ತಿಂತಾನೇ ಇರಲಿಲ್ಲ. ಈ ಆಟ ಲೆಕ್ಕಕ್ಕಿಲ್ಲ" ಎಂದ. ಅಂದು ತೀರ್ಪುಗಾರನಾಗಿದ್ದವನು ಅಂಚೆ ಕಚೇರಿಯ ಗುಮಾಸ್ತ, ಎಲ್ಲರ ಬಾಯಲ್ಲೂ ಅಂಚೆಯಣ್ಣ. ಯಂತ್ರದ ಹೊಟ್ಟೆಯ ವಿಚಾರ ಅವನಿಗೇನು ಗೊತ್ತು? ಯಂತ್ರ ತಂದವನೇ ಕೆಟ್ಟಿದೆ ಎಂದ ಮೇಲೆ ಅವನು ತಲೆ ಕೆರೆದುಕೊಂಡು ಆಟ ರದ್ದು ಎಂದ. ಕಂಪನಿಯವನು ಪೆಟ್ಟಿಗೆ ಕಟ್ಟಿಕೊಂಡು ಹೋದ. ಸ್ವಲ್ಪ ದಿನಕ್ಕೆ ಕಂಪನಿಯೂ ಬಾಗಿಲು ಹಾಕಿತು.

ಹಲ್ಲಕ್ಕ ಆಮೇಲೆ ಬೇಕಾದಷ್ಟು ಗೆದ್ದಳು. ಕ್ಲಬ್ಬಿನ ಬೀರುವಿನಲ್ಲಿ ಅವಳ ಬಟ್ಟಲುಗಳಿಗೇ ಒಂದು ಅಂಕಣವಿತ್ತು. ಆದರೂ ಚಹಾ ಕುಡಿಯುವಾಗ ಯಾರಾದರೂ, "ನಮ್ಮ ಹಲ್ಲಕ್ಕ ಯಂತ್ರಕ್ಕೆ ಜ್ವರ ಬಂದಾಗ ನೋಡಿ ಗೆದ್ದವರು" ಎಂದು ಕಾಲೆಳೆಯುವುದು ತಪ್ಪಲಿಲ್ಲ. ಅವಳೂ ನಗುತ್ತಿದ್ದಳು. ನಕ್ಕು ಮನೆಗೆ ಬಂದು, ಮೇಣ ಕಾಯಿಸುತ್ತ, ಅದೇ ಆಟವನ್ನು ಮತ್ತೆ ತಲೆಯಲ್ಲಿ ಹರಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಶನಿವಾರ ಅವಳ ಗಂಡ ಮೇಜಿನ ದೀಪ ಕೊಳ್ಳಬೇಕೆಂದು ಬಸ್ ಡಿಪೋ ಹಿಂದಿನ ಹಳೇ ಸಾಮಾನಿನ ಅಂಗಡಿಗೆ ಹೊರಟ. ಅವನು ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಒಬ್ಬನನ್ನೇ ಆ ಅಂಗಡಿಗೆ ಬಿಟ್ಟರೆ ದೀಪದ ಜೊತೆ ಇನ್ನೆರಡು ಕೆಟ್ಟ ಮೋಟಾರು ಮನೆಗೆ ಬರುತ್ತವೆಂದು ಹಲ್ಲಕ್ಕ ಬೆನ್ನು ಹತ್ತಿದಳು. ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಮುರಿದ ಕುರ್ಚಿಗಳು, ಮುಳ್ಳಿಲ್ಲದ ಗಡಿಯಾರಗಳು, ಹಗ್ಗ ಕಟ್ಟಿದ ಸೂಟ್‌ಕೇಸುಗಳು. ಗಂಡ ದೀಪಗಳ ರಾಶಿಯಲ್ಲಿ ಮುಳುಗಿದ. ಹಲ್ಲಕ್ಕ ಒಂದು ಹೊಲಿಗೆ ಯಂತ್ರದ ಮೇಲೆ ಕೈಯೂರಿದಳು. ಕೈ ಊರಿದ್ದು ಹೊಲಿಗೆ ಯಂತ್ರದ ಮೇಲಲ್ಲ, ಅದರ ಮೇಲಿಟ್ಟಿದ್ದ ಒಂದು ಚಪ್ಪಟೆ ಕಪ್ಪು ಪೆಟ್ಟಿಗೆಯ ಮೇಲೆ. ಧೂಳು ಒರೆಸಿದರೆ ಕೆಳಗೆ ಚೌಕಗಳು. ಒಂದು ಅಂಚಿನಲ್ಲಿ ಎಂಟು, ಪಕ್ಕದ ಅಂಚಿನಲ್ಲಿ ಎಂಟು, ಸಾಸಿವೆಗಿಂತ ತುಸು ದೊಡ್ಡ ಕೆಂಪು ದೀಪಗಳು.

ಹಲ್ಲಕ್ಕ ಸೆರಗಿನಿಂದ ಉಳಿದ ಧೂಳನ್ನೂ ಒರೆಸಿದಳು.

"ಅದು ಊಟದ ಮೇಜಿನ ಮೇಲೆ ಪಾತ್ರೆ ಬಿಸಿಯಾಗಿಡೋ ಹಲಗೆ ಅಮ್ಮ," ಎಂದ ಅಂಗಡಿಯವನು. "ಯಾವುದೋ ಗೋದಾಮು ಖಾಲಿ ಮಾಡಿದಾಗ ಬಂತು. ಬೇಕಾದ್ರೆ ತಗೊಂಡು ಹೋಗಿ, ಪುಣ್ಯ ಬರುತ್ತೆ. ಅದರ ಜೊತೆ ಒಂದು ಡಬ್ಬಿ ತುಂಬ ಗೊಂಬೆಗಳೂ ಇವೆ."

"ರೀ," ಎಂದು ಅವಳು ಕೂಗಿದ ಧ್ವನಿಗೆ ಗಂಡ ಕೈಯಲ್ಲಿದ್ದ ದೀಪ ಬೀಳಿಸಿದ. "ದೀಪ ಗೀಪ ಆಮೇಲೆ. ಇಲ್ಲಿ ಬನ್ನಿ ಮೊದಲು."

ಮನೆಗೆ ತಂದು ಮೇಜಿನ ಮೇಲೆ ಬೋರಲು ಹಾಕಿದರು. ಹೆಸರಿನ ಪಟ್ಟಿ ಇರಬೇಕಾದ ಕಡೆ ಎರಡು ತೂತು ಮಾತ್ರ. ಗಂಡ ತಿರುಪು ಬಿಚ್ಚಿ ಮುಚ್ಚಳ ತೆಗೆದ. ಒಳಗಿನ ಬ್ಯಾಟರಿ ಯಾವ ಕಾಲದಲ್ಲೋ ಸೋರಿ, ಸುತ್ತ ಹಸಿರು ಕಿಲುಬು ಕಟ್ಟಿತ್ತು. ಯಂತ್ರದ ಮಿದುಳಿನಂತಿದ್ದ ದೊಡ್ಡ ಚಿಪ್‌ ಮೇಲಿನ ಬರಹವನ್ನು ಯಾರೋ ಬೇಕೆಂದೇ ಕೆರೆದು ತೆಗೆದಿದ್ದರು.

"ಇದು ಅದೇನಾ?" ಎಂದ ಗಂಡ. ಯಾವುದು ಎಂದು ಅವನು ಹೇಳಬೇಕಾಗಿರಲಿಲ್ಲ.

"ಗೊತ್ತಿಲ್ಲ," ಎಂದಳು ಹಲ್ಲಕ್ಕ. ಅವಳ ಕಣ್ಣು ಮಾತ್ರ ಆ ಪೆಟ್ಟಿಗೆಯಿಂದ ಕದಲಲಿಲ್ಲ.

ಮರುದಿನವೇ ಅವಳು ಹಳೆಯ ಯಂತ್ರಗಳ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಫೋನ್ ಮಾಡಿದಳು. ಮ್ಯೂಸಿಯಮ್ಮಿನಾಕೆ ಚಿತ್ರ ಕಳಿಸಿ ಎಂದಳು, ನೋಡಿದಳು, ನಿಟ್ಟುಸಿರು ಬಿಟ್ಟಳು. "ಅಕ್ಕಾ, ತೊಂದರೆ ಏನು ಗೊತ್ತಾ? ಆ ಕಂಪನಿ ನಾಲ್ಕೂ ಯಂತ್ರಕ್ಕೆ ಒಂದೇ ಅಂಗಿ ಹೊಲಿಸಿತ್ತು. ಹೊರಗಿನಿಂದ ನಾಲ್ಕೂ ಅವಳಿ ಜವಳಿ. ಬೇರೆ ಇರೋದು ತಲೆ ಮಾತ್ರ. ಮೊದಲ ಮೂರು ನಂಬರು ನನ್ನ ಹತ್ರಾನೇ ರಾಶಿ ಬಿದ್ದಿವೆ. ನಾಲ್ಕನೇದು ಎಲ್ಲೂ ಇಲ್ಲ. ಇತ್ತು ಅಂತಾನೇ ಎಷ್ಟೋ ಜನ ನಂಬಲ್ಲ."

"ಇತ್ತು," ಎಂದಳು ಹಲ್ಲಕ್ಕ. "ಅದರ ಎದುರು ಕೂತು ನಾನು ಆಡಿದೀನಿ. ಗೆದ್ದಿದೀನಿ. ಆ ಆಟ ಪೂರ್ತಿ ನನಗೆ ಬಾಯಿಪಾಠ."

ಅದನ್ನು ಕೇಳಿ ಮ್ಯೂಸಿಯಮ್ಮಿನಾಕೆಯ ದನಿಯೇ ಬದಲಾಯಿತು. "ಪೂರ್ತಿನಾ? ಅದರ ನಡೆಗಳೂ ಸೇರಿ? ಅಕ್ಕಾ, ಆ ಕಾಲದ ಯಂತ್ರಗಳು ನಮ್ಮ ಹಾಗೆ ದಿನಕ್ಕೊಂದು ಮನಸ್ಸು ಮಾಡಲ್ಲ. ಅದೇ ಆಟ ಆಡಿದ್ರೆ ಅದೇ ಉತ್ತರ ಕೊಡ್ತವೆ, ಯಾವತ್ತು ಕೇಳಿದ್ರೂ. ಬೇರೆ ತಲೆಯಾದ್ರೆ ಬೇರೆ ಉತ್ತರ. ನಿಮ್ಮ ಆಟವೇ ಅದರ ಗುರುತು! ಆದರೆ ನೀವು ಈಗಾಗಲೇ ಅದರ ಜೊತೆ ಆಡಿ ನೋಡಿಬಿಟ್ರಾ?"

"ಆಡೋದಕ್ಕೆ ಅದಕ್ಕೆ ಜೀವ ಬಂದಿದ್ರೆ ತಾನೇ? ಕರೆಂಟಿನ ಪಿನ್ನು ವಿಚಿತ್ರವಾಗಿದೆ, ಎಲ್ಲೂ ಸಿಗಲ್ಲ. ನಮ್ಮನೆಯವರು ಏನಾದ್ರೂ ತಂತಿ ಸುತ್ತಿ ಹೊತ್ತಿಸ್ತೀನಿ ಅಂತಾರೆ. ನಾನೇ ಬೇಡ ಅಂದೆ."

"ಬೇಡವೇ ಬೇಡ! ಆ ಪಿನ್ನು ನನ್ನ ಹತ್ರ ಇದೆ. ನಾನೇ ತರ್ತೀನಿ. ಎಲ್ಲರ ಎದುರಿಗೇ ಹೊತ್ತಿಸೋಣ."

ಅಲ್ಲಿಂದ ಮುಂದೆ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಗಂಡ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು, ಹಲ್ಲುಜ್ಜುವ ಬ್ರಷ್ಷನ್ನು ವಿನಿಗರ್‌ನಲ್ಲಿ ಅದ್ದಿ ಕಿಲುಬು ತಿಕ್ಕಿದ, ತಿಂದುಹೋದ ಕಡೆ ಹೊಸ ತಂತಿ ಇಟ್ಟು ಬೆಸುಗೆ ಹಾಕಿದ. "ಲಿಫ್ಟ್ ಕೆಟ್ಟರೆ ಜನ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡು ಬೈತಾರೆ. ಇದು ಪಾಪ, ಮಾತಾಡಲ್ಲ" ಎಂದು ತನ್ನಷ್ಟಕ್ಕೆ ಗೊಣಗಿಕೊಂಡ. ಡಬ್ಬಿಯಲ್ಲಿದ್ದ ಕಾಯಿಗಳನ್ನು ಹಲ್ಲಕ್ಕ ತೊಳೆದು ಸಾಲಾಗಿಟ್ಟಳು. ಬಿಳಿಯ ಕಡೆ ಒಂದು ಕಾಲಾಳು ಇರಲಿಲ್ಲ. ಇನ್ನೊಂದು ಕಾಲಾಳಿನ ಅಚ್ಚು ತೆಗೆದು, ಹಲ್ಲಿನ ಸೆಟ್ಟಿಗೆ ಬಳಸುವ ಸಾಮಗ್ರಿಯಲ್ಲೇ ಹೊಸದೊಂದು ಎರಕ ಹೊಯ್ದಳು. ಬಿಳಿ ಪುಡಿ ಮುಗಿದಿದ್ದರಿಂದ ಅದು ಒಸಡಿನ ಗುಲಾಬಿ ಬಣ್ಣದ್ದಾಯಿತು.

"ಯಾರೋ ಅಜ್ಜನ ಬಾಯಿಂದ ಕಿತ್ತು ತಂದ ಹಾಗಿದೆ," ಎಂದ ಗಂಡ.

"ನಗ್ಬೇಡಿ. ಕಾಲಾಳು ಕಾಲಾಳೇ."

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆಲ್ಲ ಕೂತರು. ಕೆಳಗಿನ ಈಜುಕೊಳದಿಂದ ಮಕ್ಕಳ ಗಲಾಟೆ, ಕ್ಲೋರಿನ್ ವಾಸನೆ. ಅಂಚೆಯಣ್ಣನಿಗೆ ಈಗ ಎಂಬತ್ತರ ಹತ್ತಿರ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೋಲೂರಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಹತ್ತಿ ಬಂದು, "ಅವತ್ತು ತೀರ್ಪುಗಾರ ನಾನೇ. ಇವತ್ತೂ ನಾನೇ" ಎಂದು ಮುಂದಿನ ಕುರ್ಚಿ ಹಿಡಿದ. ಮ್ಯೂಸಿಯಮ್ಮಿನಾಕೆ ತನ್ನ ಚೀಲದಿಂದ ಇಟ್ಟಿಗೆಯಷ್ಟು ಭಾರದ, ಕರೆಂಟು ಕೊಡುವ ಕರಿ ಡಬ್ಬಿಯೊಂದನ್ನು ತೆಗೆದು, ಪಿನ್ನು ಸಿಕ್ಕಿಸಿ, ಹಲ್ಲಕ್ಕನ ಗಂಡನ ಮುಖ ನೋಡಿದಳು. ಅವನು ಸ್ವಿಚ್ ಒತ್ತಿದ.

ಏನೂ ಆಗಲಿಲ್ಲ. ಅವನು ಬೆವರಿದ. ಪೆಟ್ಟಿಗೆಯ ಬದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದ. ಕೀಂಯ್ ಎಂದು ಸಣ್ಣ ಸದ್ದು ಬಂತು. ಹದಿನಾರೂ ದೀಪಗಳು ಒಮ್ಮೆ ಉರಿದು ಆರಿದವು. ಸಭೆಯಲ್ಲಿ "ಓ" ಎಂಬ ಉದ್ಗಾರ ಎದ್ದಿತು.

"ನಿಯಮ ಇಷ್ಟೇ," ಎಂದಳು ಮ್ಯೂಸಿಯಮ್ಮಿನಾಕೆ ಜನರತ್ತ ತಿರುಗಿ. "ಅಕ್ಕ ಬಿಳಿ ಕಾಯಿ ಆಡ್ತಾರೆ, ಅವತ್ತಿನ ಹಾಗೆಯೇ. ಯಂತ್ರ ಉತ್ತರ ಕೊಡೋ ಮೊದಲೇ ಅದು ಏನು ಆಡುತ್ತೆ ಅಂತ ಗಟ್ಟಿಯಾಗಿ ಹೇಳ್ತಾರೆ. ಎಲ್ಲರೂ ಸಾಕ್ಷಿ."

ಹಲ್ಲಕ್ಕ ರಾಜನ ಮುಂದಿನ ಕಾಲಾಳನ್ನು ನೂಕಿ ಚೌಕವನ್ನು ಒತ್ತಿದಳು. "ಅದೂ ರಾಜನ ಕಾಲಾಳನ್ನೇ ನೂಕುತ್ತೆ." ಯಂತ್ರ ತಾನು ಆಡುವ ಮನೆಯನ್ನು ಎರಡು ಅಂಚಿನ ದೀಪ ಮಿನುಗಿಸಿ ತೋರಿತು, ಅದರ ಕಾಯಿಯನ್ನೂ ಹಲ್ಲಕ್ಕನೇ ಅಲ್ಲಿಗೆ ಸರಿಸಿದಳು. ಹಾಗೆಯೇ. "ಈಗ ಕುದುರೆ ಹೊರಗೆ." ಹಾಗೆಯೇ. "ಒಂಟೆ." ಹಾಗೆಯೇ. ಕಿಟಕಿಯ ಕಟ್ಟೆಯಿಂದ ಯಾರೋ ಶಿಳ್ಳೆ ಹಾಕಿದರು. ಮ್ಯೂಸಿಯಮ್ಮಿನಾಕೆ ಮಾತ್ರ ನಗಲಿಲ್ಲ. "ಇದು ಆರಂಭ. ಇಷ್ಟನ್ನ ನಾಲ್ಕೂ ಯಂತ್ರಕ್ಕೂ ಬಾಯಿಪಾಠ ಮಾಡಿಸಿದ್ರು. ಇನ್ನು ಮುಂದೆ ಸ್ವಂತ ಬುದ್ಧಿ," ಎಂದು ಪಿಸುಗುಟ್ಟಿದಳು.

ಹಲ್ಲಕ್ಕ ಆನೆಯನ್ನು ಸರಿಸಿದಳು. "ಈಗ ಮಂತ್ರಿ ಹೊರಗೆ ಬರುತ್ತೆ."

ದೀಪ ಥಟ್ಟನೆ ಹೊತ್ತಿತು. ಮಂತ್ರಿಯಲ್ಲ. ಒಂಟೆ ಹಿಂದಕ್ಕೆ.

ಹಿಂದಿನ ಸಾಲಿನಲ್ಲಿ ಒಬ್ಬರು ಕೆಮ್ಮಿದರು. ಮ್ಯೂಸಿಯಮ್ಮಿನಾಕೆ ತಲೆ ತಗ್ಗಿಸಿ, "ಮೂರನೇ ನಂಬರು ಇರಬೇಕು ಅಕ್ಕಾ. ಅದು ಹೀಗೇ ಹೆದರುಪುಕ್ಕಲು" ಎಂದಳು. ಗಂಡ ಹೆಂಡತಿಯ ಮುಖ ನೋಡಲಾರದೆ ಬೆಸುಗೆಯ ಕಲೆ ಹತ್ತಿದ ತನ್ನ ಬೆರಳು ನೋಡಿಕೊಂಡ. ಹಲ್ಲಕ್ಕ ಆಡಿದ ನಡೆಗಳನ್ನು ಬೆರಳು ಮಡಿಸಿ ಎಣಿಸಿದಳು. ಇಷ್ಟು ವರ್ಷ ಇಟ್ಟುಕೊಂಡದ್ದು ನೆನಪೋ, ಬರೀ ಆಸೆಯೋ? ಅವಳು ಬೋರ್ಡನ್ನೇ ನೋಡುತ್ತ ಕೂತಳು. ಕೆಳಸಾಲಿಗೆ ಮೇಲಿನ ಸಾಲು ಕಚ್ಚದಿದ್ದಾಗ ಅವಳು ಹಲ್ಲನ್ನು ಬೈಯುತ್ತಿರಲಿಲ್ಲ. ಎಲ್ಲಿ ಎತ್ತರ ತಪ್ಪಿದೆ ಎಂದು ಹುಡುಕುತ್ತಿದ್ದಳು. ಎಲ್ಲಿ ತಪ್ಪಿತು?

ಥಟ್ಟನೆ. ದೀಪ ಥಟ್ಟನೆ ಹೊತ್ತಿತ್ತು.

"ತಡೀರಿ," ಎಂದಳು. "ಇದು ಯೋಚನೆ ಮಾಡಲೇ ಇಲ್ಲ! ಅವತ್ತು ಈ ಜಾಗದಲ್ಲಿ ಕಾದು ಕಾದು ಬೇಜಾರಾಗಿ ನಾನು ಚೀಲದಿಂದ ಕಿತ್ತಳೆ ತೆಗೆದು ಸುಲಿದಿದ್ದೆ. ಅರ್ಧ ತಿಂದ ಮೇಲೆ ದೀಪ ಹೊತ್ತಿತ್ತು."

"ಹೌದು!" ಎಂದು ಅಂಚೆಯಣ್ಣ ಕೋಲಿನಿಂದ ನೆಲ ಕುಟ್ಟಿದ. "ಕಿತ್ತಳೆ! ಸಿಪ್ಪೆ ಬೋರ್ಡಿನ ಹತ್ರ ಇಡಬೇಡಮ್ಮ ಅಂತ ನಾನೇ ಗದರಿದ್ದೆ. ರಸ ನನ್ನ ಅಂಗಿಗೂ ಹಾರಿತ್ತು."

ಮ್ಯೂಸಿಯಮ್ಮಿನಾಕೆಯ ಕಣ್ಣರಳಿತು. "ಮಟ್ಟ! ಅಯ್ಯೋ ನನ್ನ ಬುದ್ಧಿಗಿಷ್ಟು! ಹೊತ್ತಿಸಿದಾಗ ಇವು ಯಾವಾಗಲೂ ಕೆಳಗಿನ ಮಟ್ಟದಲ್ಲಿ ಏಳ್ತವೆ. ಮಟ್ಟ ಏರಿಸಿದಷ್ಟೂ ಹೆಚ್ಚು ದೂರ ನೋಡ್ತವೆ, ಹೆಚ್ಚು ಹೊತ್ತು ತಗೋತವೆ. ಕಂಪನಿಯವನು ಪಂದ್ಯಕ್ಕೆ ಎತ್ತರದ ಮಟ್ಟ ಇಟ್ಟಿರ್ತಾನೆ."

"ಯಾವ ಮಟ್ಟ?"

"ಅದನ್ನ ನಿಮ್ಮ ಕಿತ್ತಳೆಯೇ ಹೇಳಬೇಕು."

ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಯಾರೋ ಕೆಳಗೆ ಓಡಿ ಈಜುಕೊಳದ ಬಾಗಿಲಿನ ಅಂಗಡಿಯಿಂದ ಒಂದು ಚೀಲ ಕಿತ್ತಳೆ ತಂದರು. ಯಂತ್ರವನ್ನು ಒಂದು ಮಟ್ಟ ಮೇಲಕ್ಕೇರಿಸಿ, ಅದೇ ನಡೆಗಳನ್ನು ಮತ್ತೆ ಆಡಿ, ಹಲ್ಲಕ್ಕ ಹಣ್ಣಿಗೆ ಉಗುರು ಹಾಕಿದಳು. ಸಿಪ್ಪೆ ಬಿಡುವ ಮೊದಲೇ ದೀಪ ಹೊತ್ತಿತು. ಇನ್ನೊಂದು ಮಟ್ಟ, ಇನ್ನೊಂದು ಹಣ್ಣು. ಸಿಪ್ಪೆ ಅರ್ಧ ಬಂದಿತ್ತು. ಮತ್ತೂ ಒಂದು ಮಟ್ಟ ಏರಿಸಿದರು. ಈ ಸಲ ಸಿಪ್ಪೆ ಪೂರ್ತಿ ಬಂತು, ನಾರು ಬಂತು, ಹಲ್ಲಕ್ಕ ಒಂದು ತೊಳೆ ಬಾಯಿಗಿಟ್ಟಳು, ಇನ್ನೊಂದಿಟ್ಟಳು. ಇಡೀ ಕೋಣೆ ಅವಳು ಅಗಿಯುವುದನ್ನೇ ನೋಡುತ್ತಿತ್ತು. ದೀಪಗಳು ಆರಿಯೇ ಇದ್ದವು. ಅರ್ಧ ಹಣ್ಣು ಮುಗಿಯಿತು.

ಕೀಂಯ್. ಮಂತ್ರಿ ಹೊರಗೆ ಬಂತು.

ಕೂಗಾಟಕ್ಕೆ ಕೆಳಗಿನ ಈಜುಕೊಳದ ಕಾವಲುಗಾರ ಮೇಲೆ ಬಂದು ಇಣುಕಿ ಹೋದ. ಅಂಚೆಯಣ್ಣ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಹಲ್ಲಕ್ಕ ಕೈ ಒರೆಸಿಕೊಂಡು ಮುಂದುವರಿದಳು. "ಕುದುರೆ ಕುದುರೆಯನ್ನ ಹೊಡೆಯುತ್ತೆ." ಹೊಡೆಯಿತು. "ರಾಜ ಮೂಲೆ ಸೇರುತ್ತೆ." ಸೇರಿತು. ಒಂದೊಂದು ನಡೆಗೂ ಜನ ಇನ್ನಷ್ಟು ಹತ್ತಿರ ಜರುಗಿದರು. ಮ್ಯೂಸಿಯಮ್ಮಿನಾಕೆ ಅಂತೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕೊನೆಗೆ ಆ ಜಾಗ ಬಂತು. ಯಂತ್ರದ ಮಂತ್ರಿಯ ಎದುರಿಗೆ, ಹಲ್ಲಕ್ಕನ ಎಡಬದಿಯಲ್ಲಿ, ಕಾವಲಿಲ್ಲದೆ ಒಂದು ಕಾಲಾಳು ನಿಂತಿತ್ತು. ಕಾಯಿ ಜೋಡಿಸುವಾಗ ಗುಲಾಬಿ ಕಾಲಾಳನ್ನು ಅವಳು ಅದೇ ಮನೆಯಲ್ಲಿ ಇಟ್ಟಿದ್ದಳು. ಹಲ್ಲಕ್ಕ ಮೆಲ್ಲಗೆ ತನ್ನ ಆನೆಯನ್ನು ಇನ್ನೊಂದು ಬದಿಗೆ ಸರಿಸಿ ಕೈ ಹಿಂದೆಗೆದಳು.

"ಈ ಕಾಲಾಳು ತಾನೇ?" ಎಂದ ಅಂಚೆಯಣ್ಣ.

"ಇದೇ. ಬುದ್ಧಿ ಸರಿಯಿದ್ದ ಯಂತ್ರ ಇದನ್ನ ತಿನ್ನಲ್ಲ ಅಂದಿದ್ರಲ್ಲ, ಅದು."

"ನೀನೇನಂತೀಯ?"

"ತಿನ್ನುತ್ತೆ," ಎಂದಳು ಹಲ್ಲಕ್ಕ.

ಯಂತ್ರ ಯೋಚಿಸಿತು. ಗಂಡ ಮುಂದೆ ಬಾಗಿ ಅವಳ ಕುರ್ಚಿಯ ಬೆನ್ನು ಹಿಡಿದುಕೊಂಡ. ಯಾರದೋ ಕೈಗಡಿಯಾರ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು. ಯಂತ್ರ ಇನ್ನೂ ಯೋಚಿಸಿತು. ಆಮೇಲೆ ಒಂದು ಅಂಚಿನ ದೀಪ, ಹಿಂದೆಯೇ ಪಕ್ಕದ ಅಂಚಿನ ದೀಪ ಹೊತ್ತಿಕೊಂಡವು. ಅವೆರಡೂ ಸಂಧಿಸುವ ಮನೆಯಲ್ಲಿ ಗುಲಾಬಿ ಕಾಲಾಳು ನಿಂತಿತ್ತು.

"ತಿಂತು!" ಎಂದು ಮ್ಯೂಸಿಯಮ್ಮಿನಾಕೆ ಚೀರಿದಳು. "ನಾಲ್ಕನೇ ನಂಬರು! ಮೂರನೇದರ ಕೈಲಿ ಇದು ಆಗೋದೇ ಇಲ್ಲ. ಅಕ್ಕಾ, ಇದು ಅದೇ! ಅದೇ!"

ಹಲ್ಲಕ್ಕ ಅವಳತ್ತ ತಿರುಗಲಿಲ್ಲ. ಅವಳಿಗಿನ್ನೂ ಆಟ ಮುಗಿದಿರಲಿಲ್ಲ. ಆನೆಯನ್ನು ಎತ್ತಿ ನೇರವಾಗಿ ಶತ್ರುವಿನ ರಾಜನ ಮನೆಯ ಬಾಗಿಲಿಗೇ ಇಟ್ಟಳು. ಅದನ್ನು ಹೊಡೆಯದೆ ಯಂತ್ರಕ್ಕೆ ಬೇರೆ ದಾರಿಯಿರಲಿಲ್ಲ. ಹೊಡೆಯಿತು. ಮಂತ್ರಿ ಕಾಲಾಳಿನ ಆಸೆಗೆ ದೂರ ಹೋಗಿ ಕೂತಿತ್ತು; ರಾಜನ ಬಳಿ ಕಾವಲಿಲ್ಲ. ಹಲ್ಲಕ್ಕನ ಮಂತ್ರಿ ಒಳಗೆ ನುಗ್ಗಿತು. ಅದರ ಹಿಂದೆ ಕುದುರೆ ಜಿಗಿಯಿತು.

"ಚೆಕ್‌ಮೇಟ್," ಎಂದಳು.

ಹದಿನಾರು ದೀಪಗಳೂ ಒಟ್ಟಿಗೆ ಹೊತ್ತಿ ಆರಿ ಹೊತ್ತಿ ಆರತೊಡಗಿದವು. ಸೋಲೊಪ್ಪಿಕೊಳ್ಳುವುದು ಆ ಯಂತ್ರಕ್ಕೆ ಗೊತ್ತಿದ್ದ ಬಗೆ ಅದು. ಆ ದಿನ ಕಂಪನಿಯವನು ಇದನ್ನು ಯಾರಿಗೂ ನೋಡಗೊಡದೆ ಸ್ವಿಚ್ ಆರಿಸಿದ್ದ.

"ಹಾಗಾದ್ರೆ ತಂತಿ ಸಡಿಲ ಆಗಿತ್ತು ಅಂದಿದ್ದು?" ಎಂದು ಒಬ್ಬರು ಕೇಳಿದರು.

"ತಂತೀನೂ ಇಲ್ಲ, ಜ್ವರಾನೂ ಇಲ್ಲ," ಎಂದಳು ಮ್ಯೂಸಿಯಮ್ಮಿನಾಕೆ, ಕಣ್ಣೊರೆಸಿಕೊಳ್ಳುತ್ತ. "ಆ ಮಟ್ಟದಲ್ಲಿ ಇದಕ್ಕೆ ಎಷ್ಟು ದೂರ ಕಾಣುತ್ತೋ, ಅಕ್ಕ ಅದಕ್ಕಿಂತ ಒಂದು ಹೆಜ್ಜೆ ಆಚೆ ಬಲೆ ಹಾಕಿದ್ರು. ಯಂತ್ರ ಚೆನ್ನಾಗೇ ಇತ್ತು. ಚೆನ್ನಾಗಿರೋ ಯಂತ್ರಾನೇ ಸೋಲಿಸಿದ್ರು. ಇವತ್ತು ಬೇರೆ ತಂತಿ, ಬೇರೆ ಬೆಸುಗೆ, ಆದ್ರೂ ಅದೇ ಕಾಲಾಳನ್ನೇ ತಿಂತಲ್ಲ!"

ಅಂಚೆಯಣ್ಣ ಕೋಲು ಬದಿಗಿಟ್ಟು ಎದ್ದು ನಿಂತ. ಅವನು ಅಂಗಿಯ ಗುಂಡಿ ಸರಿಮಾಡಿಕೊಂಡು, ಪಂದ್ಯದ ದಿನಗಳಲ್ಲಿ ಮಾತ್ರ ಹೊರಡಿಸುತ್ತಿದ್ದ ಗಟ್ಟಿ ದನಿಯಲ್ಲಿ ಹೇಳಿದ: "ಆ ಆಟ ಲೆಕ್ಕಕ್ಕಿದೆ. ಬಿಳಿ ಗೆದ್ದಿದೆ."

ಆಗ ಎದ್ದ ಚಪ್ಪಾಳೆ ಅಷ್ಟು ವರ್ಷ ತಡೆದು ನಿಂತಿದ್ದೇ ಇರಬೇಕು. ಜನ ಕುರ್ಚಿ ಬಡಿದರು, ಕಿಟಕಿ ಬಡಿದರು. ಜ್ವರದ ತಮಾಷೆ ಮಾಡುತ್ತಿದ್ದವರೇ ಎಲ್ಲರಿಗಿಂತ ಮುಂದೆ ಬಂದು ಅವಳ ಕೈ ಕುಲುಕಿದರು. ಏನಾದರೂ ಹೇಳಲೇಬೇಕೆಂದು ಎಲ್ಲರೂ ಹಟ ಹಿಡಿದಾಗ ಹಲ್ಲಕ್ಕ, "ಕಿತ್ತಳೆ ಉಳಿದಿವೆ, ತಗೊಳ್ಳಿ" ಎಂದಷ್ಟೇ ಹೇಳಿದಳು. ಗಂಡ ಮಾತ್ರ ಸುತ್ತಲಿದ್ದವರಿಗೆಲ್ಲ, "ಕಿಲುಬು ತೆಗೆದದ್ದು ನಾನು, ವಿನಿಗರ್ ಹಾಕಿ" ಎಂದು ಒಬ್ಬೊಬ್ಬರನ್ನೇ ಹಿಡಿದು ವಿವರಿಸುತ್ತಿದ್ದ.

ಗದ್ದಲ ಇಳಿದ ಮೇಲೆ ಮ್ಯೂಸಿಯಮ್ಮಿನಾಕೆ ಹತ್ತಿರ ಬಂದು ಕೂತಳು. "ಅಕ್ಕಾ, ಇದು ಜಗತ್ತಿನಲ್ಲಿ ನನಗೆ ಗೊತ್ತಿರೋ ಒಂದೇ ಒಂದು. ಮ್ಯೂಸಿಯಮ್ಮಿಗೆ ಕೊಡ್ತೀರಾ? ಗಾಜಿನ ಕಪಾಟಿನಲ್ಲಿ ಇಡ್ತೀನಿ. ಇದನ್ನ ಸೋಲಿಸಿದವರು ನೀವು ಅಂತ ಪಕ್ಕದಲ್ಲೇ ಬರೆಸ್ತೀನಿ."

"ಕೊಡ್ತೀನಿ. ಆದ್ರೆ ಗಾಜಿನೊಳಗೆ ಬೇಡ. ಬಂದವರು ಕೂತು ಆಡೋ ಹಾಗಿಡಿ. ಮತ್ತೆ ಬರೆಸೋದಾದ್ರೆ ಪೂರ್ತಿ ಬರೆಸಿ. ಅವತ್ತು ಇದು ನಮ್ಮ ಕ್ಲಬ್ಬಿನವರನ್ನೆಲ್ಲ ಒಬ್ಬೊಬ್ಬರನ್ನೇ ಮಣ್ಣುಮುಕ್ಕಿಸಿತ್ತು. ಅದನ್ನೂ ಬರೆಸಬೇಕು. ಸುಮ್ಮನೆ ಸಿಕ್ಕ ಎದುರಾಳಿ ಅಲ್ಲ ಇದು."

"ಅದು ಬೇಡ, ಅದು ಬೇಡ!" ಎಂದು ಹಿಂದಿನ ಸಾಲಿನ ಮುದುಕರು ಕೂಗಿದರು.

"ಬರೆಸೋದೇ," ಎಂದ ಅಂಚೆಯಣ್ಣ.

ಆಮೇಲೆ ಹಲ್ಲಕ್ಕ ಕಾಯಿಗಳನ್ನು ಮತ್ತೆ ಜೋಡಿಸಿದಳು, ಈ ಸಲ ಕರಿ ಬದಿಯನ್ನು ತನ್ನ ಕಡೆ ತಿರುಗಿಸಿಕೊಂಡು. ಬಾಯಿಪಾಠವಿಲ್ಲದ ಹೊಸ ಆಟ. ಯಂತ್ರ ಬಿಳಿ ಕಾಯಿಗಳಿಂದ ಧಾವಿಸಿ ಬಂತು. ಅವಳು ತಡೆದಳು, ತಿರುಗಿಬಿದ್ದಳು, ಒಂದು ಕುದುರೆಯನ್ನು ಎಲ್ಲಿಡಬೇಕಿತ್ತೋ ಅಲ್ಲಿಡಲಿಲ್ಲ. ಸಂಜೆಯ ಬಿಸಿಲು ಕಿಟಕಿಯಿಂದ ಬೋರ್ಡಿನ ಮೇಲೆ ಬೀಳುವ ಹೊತ್ತಿಗೆ ಅವಳ ರಾಜನಿಗೆ ನಿಲ್ಲಲು ಮನೆಯಿರಲಿಲ್ಲ.

"ಅಯ್ಯೋ, ಸೋತೆಯಲ್ಲೇ!" ಎಂದ ಗಂಡ.

"ಸೋತೆ," ಎಂದಳು ಹಲ್ಲಕ್ಕ, ಮುಖವೆಲ್ಲ ನಗುವಾಗಿ. "ಅಂಚೆಯಣ್ಣ, ಇದೂ ಲೆಕ್ಕಕ್ಕಿದೆ. ಎಲ್ಲರೂ ಸರೀರಿ, ಇನ್ನೊಂದು ಆಟ ಆಡಬೇಕು ನಾನು."